ಲಿನಕ್ಸ್‌ನಲ್ಲಿ ಟಿಪ್ಪಣಿ ಇಡೋಕೆ ಯಾವ ಸಾಫ್ಟ್‌ವೇರ್? ಕೊಡಗಿನ ಮಳೆಗಾಲ ನೋಡಿ ಆರಿಸಿ

ಲಿನಕ್ಸ್‌ನಲ್ಲಿ ನೋಟ್ಸ್ ಇಡೋಕೆ ಏನು ಹಾಕಿಕೊಳ್ಳಲಿ ಅಂತ ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಹೆಸರು ಆಮೇಲೆ ನೋಡೋಣ. ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ಮೂರು ದಿನದಿಂದ ಕರೆಂಟಿಲ್ಲ, ಟವರ್ ಕೂಡ ಕೈಕೊಟ್ಟಿದೆ, ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಗಂಟೆ ಚಾರ್ಜ್ ಇದೆ ಅಂದುಕೊಳ್ಳಿ. ಆಗ ನಿಮ್ಮ ಟಿಪ್ಪಣಿ ನಿಮಗೆ ಸಿಗುತ್ತದಾ? ನಾಪೋಕ್ಲು, ಭಾಗಮಂಡಲ ಕಡೆಯವರಿಗೆ ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ಬ್ರೌಸರ್‌ನಲ್ಲೇ ನಡೆಯುವ, ನೆಟ್ ಇಲ್ಲದಿದ್ದರೆ ತೆರೆಯದ ಸೇವೆಗಳನ್ನು ಈಗಲೇ ಪಕ್ಕಕ್ಕಿಡಿ.

ಆಮೇಲೆ ನೋಡಬೇಕಾದದ್ದು, ಟಿಪ್ಪಣಿ ಡಿಸ್ಕ್ ಮೇಲೆ ಯಾವ ರೂಪದಲ್ಲಿ ಉಳಿಯುತ್ತದೆ ಅನ್ನೋದು. ಸಾದಾ ಟೆಕ್ಸ್ಟ್ ಫೈಲಾದರೆ ಆ ಸಾಫ್ಟ್‌ವೇರ್ ನಾಳೆ ನಿಂತುಹೋದರೂ ಯಾವ ಎಡಿಟರ್‌ನಲ್ಲಾದರೂ ತೆರೆದು ಓದಬಹುದು. ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ, ಅಂದರೆ ಯೂನಿಕೋಡ್, ಬರುವ ಮೊದಲಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಫೈಲ್ ಇವತ್ತು ತೆರೆದರೆ ಅರ್ಥವಾಗದ ಗುರುತುಗಳ ಗೋಜಲು ಕಾಣುತ್ತದೆ, ಗೊತ್ತಲ್ವಾ? ಅಂಥ ಹಳೇ ಫೈಲ್ ಇದ್ದರೆ ಮೊದಲು ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಇಲ್ಲದಿದ್ದರೆ ಎಂಥಾ ಸಾಫ್ಟ್‌ವೇರ್ ಹಾಕಿದರೂ ಹುಡುಕಾಟ ನಡೆಯುವುದಿಲ್ಲ.

ಕನ್ನಡದ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಇಂಗ್ಲಿಷ್‌ನಲ್ಲಿ ಬರೆದ ವಿಮರ್ಶೆಗಳಲ್ಲಿ ಇದು ಸಿಗುವುದೂ ಇಲ್ಲ. ಹಾಗಾಗಿ ನೀವೇ ಮಾಡಿ. ಒಂದು ಖಾಲಿ ಟಿಪ್ಪಣಿಯಲ್ಲಿ ಸ್ತ್ರೀ, ಕಾರ್ಯ, ಐನ್‌ಮನೆ, ಸಾಫ್ಟ್‌ವೇರ್ ಅಂತ ಬರೆಯಿರಿ. ಒತ್ತಕ್ಷರ ಸರಿಯಾಗಿ ಕೂತಿದೆಯಾ, ಬ್ಯಾಕ್‌ಸ್ಪೇಸ್ ಒತ್ತಿದರೆ ಎಷ್ಟು ಅಳಿಯುತ್ತದೆ ನೋಡಿ. ‘ಐನ್‌ಮನೆ’ಯಲ್ಲಿ ನ್ ಮತ್ತು ಮ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಅರ್ಧಾಕ್ಷರ ಒತ್ತಾಗದಂತೆ ತಡೆಯುವುದು ಅದೇ. ಅದಿಲ್ಲದೆ ಬರೆದರೆ ‘ಐನ್ಮನೆ’ ಆಗುತ್ತದೆ. ಒಂದು ರೂಪದಲ್ಲಿ ಬರೆದು ಇನ್ನೊಂದರಲ್ಲಿ ಹುಡುಕಿದರೆ ಎಷ್ಟೋ ಕಡೆ ಫಲಿತಾಂಶ ಸೊನ್ನೆ. ಸಾಫ್ಟ್‌ವೇರ್ ಇದನ್ನು ಸಂಭಾಳಿಸದಿದ್ದರೆ ನೀವೇ ಒಂದು ರೂಪ ಆರಿಸಿ ಅದಕ್ಕೇ ಅಂಟಿಕೊಳ್ಳಿ. ಕೊನೆಗೆ ಪಿಡಿಎಫ್ ಮಾಡಿ ನೋಡಿ, ಪರದೆ ಮೇಲೆ ಚೆನ್ನಾಗಿದ್ದ ಕನ್ನಡ ಕೆಲವೊಮ್ಮೆ ಅಲ್ಲಿ ಕೆಡುತ್ತದೆ. ಅಕ್ಷರ ಬದಲು ಬರೀ ಚೌಕಗಳು ಕಂಡರೆ ತಪ್ಪು ಸಾಫ್ಟ್‌ವೇರಿನದ್ದಲ್ಲ, ಫಾಂಟ್ ಇಲ್ಲ ಅಷ್ಟೇ. ಡೆಬಿಯನ್, ಉಬುಂಟುವಿನಲ್ಲಿ ಗುಬ್ಬಿ, ನವಿಲು ಫಾಂಟ್‌ಗಳು ಅವುಗಳದ್ದೇ ಸಾಫ್ಟ್‌ವೇರ್ ಭಂಡಾರದಲ್ಲಿ (ರೆಪಾಸಿಟರಿ) ಸಿಗುತ್ತವೆ.

ಈಗ ಹೆಸರುಗಳಿಗೆ ಬರೋಣ. ನಾಲ್ಕು ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಇದ್ದರೆ ಕಣ್ಣು ಮುಚ್ಚಿ ಝಿಮ್ ಹಾಕಿ. ಹಗುರ, ಭಂಡಾರದಲ್ಲೇ ಇದೆ, ಪ್ರತಿ ಪುಟವೂ ಒಂದು ಟೆಕ್ಸ್ಟ್ ಫೈಲ್. ಇದರಲ್ಲಿ ದಿನಚರಿಯ ಪ್ಲಗಿನ್ ಒಂದಿದೆ, ತೋಟದ ಮಳೆ ಲೆಕ್ಕ ಬರೆಯುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಇವತ್ತು ಎಷ್ಟು ಇಂಚು, ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಅದಾದ ಮೇಲೆ ಎರಡನೇ ಮಳೆ ಬಂತಾ, ಎಲ್ಲ ಆಯಾ ದಿನದ ಪುಟದಲ್ಲಿ ಇರುತ್ತದೆ. ಮೊಬೈಲ್ ಆ್ಯಪ್ ಇಲ್ಲ ಅನ್ನೋದೊಂದೇ ಕೊರತೆ.

ಮೊಬೈಲ್‌ನಲ್ಲೂ ಬೇಕೇ ಬೇಕು ಅನ್ನುವವರು ಜಾಪ್ಲಿನ್ ಅಥವಾ ಅಬ್ಸಿಡಿಯನ್ ಕಡೆ ನೋಡಬೇಕು. ಜಾಪ್ಲಿನ್ ಮುಕ್ತ ತಂತ್ರಾಂಶ, ಅಂದರೆ ಅದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಬರೆಯುವುದು ಮಾರ್ಕ್‌ಡೌನ್‌ನಲ್ಲೇ (ಸರಳ ಗುರುತುಗಳಿರುವ ಸಾದಾ ಟೆಕ್ಸ್ಟ್) ಆದರೂ ಉಳಿಸುವುದು ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ. ಹೊರತೆಗೆಯಲು ಬರುತ್ತದೆ, ಆದರೆ ಅದನ್ನು ನೀವೇ ನೆನಪಿಟ್ಟು ಮಾಡಬೇಕು. ಅಬ್ಸಿಡಿಯನ್ ಮುಕ್ತ ಅಲ್ಲ, ಉಚಿತ ಮಾತ್ರ. ಆದರೆ ಟಿಪ್ಪಣಿಗಳು ನಿಮ್ಮ ಫೋಲ್ಡರ್‌ನಲ್ಲಿ ಸಾದಾ ಮಾರ್ಕ್‌ಡೌನ್ ಫೈಲ್‌ಗಳಾಗಿಯೇ ಇರುತ್ತವೆ, ಬೇಡ ಅನಿಸಿದ ದಿನ ಎದ್ದು ಹೋಗಬಹುದು. ಮುಕ್ತ ತಂತ್ರಾಂಶದ ಮಡಿ ಮಾಡುವವರು ಬೈಯಬಹುದು, ಆದರೂ ಸಂಶೋಧನೆಗೆ ನನ್ನ ಓಟು ಇದಕ್ಕೇ. ಒಂದು ಟಿಪ್ಪಣಿಗೆ ಬೇರೆ ಯಾವ್ಯಾವುದು ಕೊಂಡಿ ಹಾಕಿದೆ ಅಂತ ಹಿಂದಿನಿಂದ ತೋರಿಸುವುದು ಬಹಳ ಉಪಯೋಗಕ್ಕೆ ಬರುತ್ತದೆ. ಈಮ್ಯಾಕ್ಸ್ ಎಡಿಟರ್ ಒಳಗಿನ ಆರ್ಗ್ ಮೋಡ್ ಒಳ್ಳೆಯದೇ, ಈಮ್ಯಾಕ್ಸ್ ಮೊದಲೇ ಗೊತ್ತಿದ್ದರೆ. ಲಾಗ್‌ಸೀಕ್ ಎಲ್ಲವನ್ನೂ ಬುಲೆಟ್‌ಗಳಲ್ಲೇ ಬರೆಯುವವರಿಗೆ.

ಏನೇ ಆರಿಸಿದರೂ ಫೈಲಿನ ಹೆಸರು ವರ್ಷದಿಂದ ಶುರುವಾಗಲಿ, ಆಮೇಲೆ ತಿಂಗಳು, ದಿನ, ಊರು. ತಾನಾಗಿಯೇ ಸಾಲಾಗಿ ಕೂರುತ್ತವೆ. ಒಂದು ದೇವರಕಾಡಿಗೆ ಹೋಗಿ ಬಂದಿರಿ ಅನ್ನಿ. ಮೇಲಿನ ನಾಲ್ಕು ಸಾಲು ಹೀಗಿರಲಿ: ಜಾಗ; ಹೇಳಿದವರು ಯಾರು, ಯಾವ ಒಕ್ಕದವರು (ಕೊಡವ ಮನೆತನ); ನಾನೇ ನೋಡಿದ್ದಾ, ಕೇಳಿದ್ದಾ; ಫೋಟೋ ಯಾವ ಫೋಲ್ಡರ್‌ನಲ್ಲಿದೆ. ಮೂರನೇ ಸಾಲು ಬಿಟ್ಟರೆ ವರ್ಷ ಕಳೆದ ಮೇಲೆ ಅಜ್ಜ ಹೇಳಿದ ಕಥೆಯೂ ಕಲ್ಲಿನ ಮೇಲೆ ಓದಿದ್ದೂ ಒಂದೇ ತರಹ ಕಾಣತೊಡಗುತ್ತವೆ.

ಪುಸ್ತಕ, ಪಿಡಿಎಫ್ ಜಾಸ್ತಿ ಇದ್ದರೆ ಅವನ್ನು ಟಿಪ್ಪಣಿ ಫೋಲ್ಡರ್‌ಗೆ ತುರುಕಬೇಡಿ, ಅದಕ್ಕೆ ಝೊಟೆರೋ ಇದೆ. 2006ರಿಂದ ಇರುವ ಮುಕ್ತ ತಂತ್ರಾಂಶ, ಲಿಬ್ರೆಆಫೀಸ್ ಒಳಗಿನಿಂದಲೇ ಉಲ್ಲೇಖ ಸೇರಿಸಲು ಬರುತ್ತದೆ. ಕೊಡಗಿನ ಶಾಸನಗಳ ಬಗ್ಗೆ ಓದುವವರಿಗೆ ಗೊತ್ತಿರುತ್ತದೆ, ಬಿ.ಎಲ್. ರೈಸ್ ಅವರ ಸಂಪುಟ ಮೊದಲು ಬಂದದ್ದು 1886ರಲ್ಲಿ, ಪರಿಷ್ಕರಿಸಿದ್ದು 1914ರಲ್ಲಿ. ಎರಡನ್ನೂ ಬೇರೆ ಬೇರೆ ನಮೂದಾಗಿ ಸೇರಿಸಿ, ಇಲ್ಲದಿದ್ದರೆ ಪುಟಸಂಖ್ಯೆ ಯಾವುದರದ್ದು ಅಂತ ಒದ್ದಾಡಬೇಕಾಗುತ್ತದೆ. ಇನ್ನೊಂದು ತೊಡಕು ಹೆಸರಿನದ್ದು. ಝೊಟೆರೋದಲ್ಲಿ ಲೇಖಕರಿಗೆ ಎರಡು ಖಾನೆ, ಕುಲನಾಮ ಒಂದಕ್ಕೆ, ಸ್ವಂತ ಹೆಸರು ಇನ್ನೊಂದಕ್ಕೆ. ಕೊಡವರಲ್ಲಿ ಮನೆಹೆಸರು ಮೊದಲು ಬರುತ್ತದೆ. ಕೊಡಂದೇರ ಮಾದಪ್ಪ ಕಾರ್ಯಪ್ಪ ಅಂತ ಇದ್ದರೆ ಕುಲನಾಮದ ಖಾನೆಗೆ ಹೋಗಬೇಕಾದದ್ದು ಕೊಡಂದೇರ. ಜಾಲದಿಂದ ತಾನಾಗಿ ಬಂದ ನಮೂದಿನಲ್ಲಿ ಅಲ್ಲಿ ಕಾರ್ಯಪ್ಪ ಅಂತ ಇರುವ ಸಾಧ್ಯತೆ ಜಾಸ್ತಿ, ಕೈಯಿಂದ ತಿದ್ದಿ.

ಸ್ಕ್ಯಾನ್ ಮಾಡಿದ ಕನ್ನಡ ಪುಟಗಳಿಗೆ ಟೆಸೆರಾಕ್ಟ್ ಹಾಕಿ, ಅದು ಚಿತ್ರದಲ್ಲಿರುವ ಅಕ್ಷರ ಓದಿ ಟೆಕ್ಸ್ಟ್ ಮಾಡಿಕೊಡುತ್ತದೆ, ಜೊತೆಗೆ ಅದರ ಕನ್ನಡ ಪ್ಯಾಕೇಜನ್ನೂ ಹಾಕಬೇಕು. ಹಳೇ ಅಚ್ಚಿನ ಪುಟದಲ್ಲಿ ಒತ್ತಕ್ಷರ ತಪ್ಪಾಗುತ್ತದೆ. ಹುಡುಕಲು ಸಾಕು, ನೇರವಾಗಿ ಉಲ್ಲೇಖಿಸಲು ಸಾಲದು.

ಕಂಪ್ಯೂಟರಿಗೂ ಮೊಬೈಲಿಗೂ ಒಂದೇ ಟಿಪ್ಪಣಿ ಬೇಕಾದರೆ ಸಿಂಕ್‌ತಿಂಗ್. ನಮ್ಮ ಕಡೆಗೆ ಇದೇ ಸರಿ, ಯಾಕಂದ್ರೆ ಎರಡೂ ಒಂದೇ ವೈಫೈನಲ್ಲಿದ್ದರೆ ಸಾಕು, ಇಂಟರ್ನೆಟ್ ಬೇಕಾಗಿಲ್ಲ. ಎರಡು ಕಡೆ ಒಂದೇ ಫೈಲ್ ತಿದ್ದಿದ್ದರೆ ಇನ್ನೊಂದು ಪ್ರತಿ ಹುಟ್ಟುತ್ತದೆ, ಹೋಲಿಸಿ ಒಂದನ್ನು ಅಳಿಸಿ. ಝೊಟೆರೋದ ಡೇಟಾ ಫೋಲ್ಡರನ್ನು ಮಾತ್ರ ಇದಕ್ಕೆ ಕೊಡಲೇಬೇಡಿ, ಡೇಟಾಬೇಸ್ ಹಾಳಾಗಬಹುದು. ಅದಕ್ಕೆ ಅದರದ್ದೇ ಸಿಂಕ್ ಇದೆ, ಫೈಲ್‌ಗಳಿಗೆ 300 ಎಂಬಿ ಉಚಿತ.

ಸಿಂಕ್ ಇದೆ ಅಂತ ಬ್ಯಾಕಪ್ ಬಿಡಬೇಡಿ. ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ. ವಾರಕ್ಕೊಮ್ಮೆ ಝೊಟೆರೋ ಮುಚ್ಚಿ, ಎಲ್ಲ ಫೋಲ್ಡರ್‌ಗಳನ್ನೂ ಪೆನ್‌ಡ್ರೈವ್‌ಗೆ ಹಾಕಿ. ಮೇ ಮುಗಿಯುವುದರೊಳಗೆ ಇನ್ನೊಂದು ಪ್ರತಿ ಮಾಡಿ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಮನೆಗೆ ಕಳಿಸಿ.