ಅವಳಿ ಮಕ್ಕಳಿಗೆ ಪಾಟಿ ಚೇರಾ, ಕಮೋಡ್ ಸೀಟಾ?

ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಅವಳಿಗಳಿಗೆ ಕಕ್ಕ-ಉಚ್ಚೆ ಅಭ್ಯಾಸ ಮಾಡಿಸಲು ಶುರುವಿಗೆ ಎರಡು ಪಾಟಿ ಚೇರ್ (ನೆಲದ ಮೇಲಿಡುವ, ಒಳಗೆ ಬಟ್ಟಲಿರುವ ಪುಟ್ಟ ಕುರ್ಚಿ) ತಗೊಳ್ಳಿ. ಒಂದಲ್ಲ, ಎರಡು. ಸಾದಾ ಪ್ಲಾಸ್ಟಿಕ್ಕಿನವೇ ಸಾಕು. ಕಮೋಡ್ ಮೇಲೆ ಇಡುವ ಚಿಕ್ಕ ಸೀಟು ಮನೆಗೆ ಒಂದು ಇದ್ದರೆ ಆಯ್ತು, ಅದೂ ಕೆಲವು ತಿಂಗಳು ಬಿಟ್ಟು. ಒಂದೇ ಮಗು ಇರುವವರು "ಚೇರ್ ಎಲ್ಲ ಯಾಕೆ, ನೇರವಾಗಿ ಕಮೋಡ್ ಮೇಲೇ ಕೂರಿಸಿ" ಅನ್ನುತ್ತಾರೆ. ಅವರ ಮನೆಗೆ ಅದು ಸರಿ ಇರಬಹುದು. ನಮ್ಮ ಲೆಕ್ಕ ಬೇರೆ.

ಹೊಟ್ಟೆಗೆ ಊಟ ಬಿದ್ದ ತಕ್ಷಣ ಕರುಳು ಚುರುಕಾಗುತ್ತದೆ. ತಿಂಡಿ ಆಗಿ 15ರಿಂದ 30 ನಿಮಿಷದೊಳಗೆ ಕಕ್ಕ ಬರುವುದು ಚಿಕ್ಕ ಮಕ್ಕಳಲ್ಲಿ ತುಂಬಾ ಸಾಮಾನ್ಯ. ಅವಳಿಗಳು ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಇಡ್ಲಿ ತಿನ್ನುತ್ತವೆ, ಹಾಗಾಗಿ ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಬರುತ್ತದೆ. "ತಡಿ ಪುಟ್ಟಾ, ತಂಗಿದು ಆಗಲಿ" ಅಂದರೆ ತಡೆದುಕೊಳ್ಳುವ ಶಕ್ತಿ ಎರಡು ವರ್ಷದ ಮಗುವಿಗೆ ಇನ್ನೂ ಬಂದಿರುವುದಿಲ್ಲ. ಬಂದಿದೆ ಅಂತ ಬಾಯಿಬಿಟ್ಟು ಹೇಳಿದ ಮಗುವನ್ನೇ ಕಾಯಿಸಿದರೆ ಹೇಳುವುದಕ್ಕೇ ಬೆಲೆ ಇಲ್ಲದಂತಾಗುತ್ತದೆ. ಕೆಲವು ಮಕ್ಕಳು ಕಾಯುತ್ತಾ ಕಾಯುತ್ತಾ ಹಿಡಿದಿಟ್ಟುಕೊಳ್ಳುವುದನ್ನೇ ರೂಢಿ ಮಾಡಿಕೊಳ್ಳುತ್ತವೆ, ಅದರಿಂದ ಮೋಷನ್ ಗಟ್ಟಿಯಾಗುತ್ತದೆ, ಗಟ್ಟಿಯಾದರೆ ನೋವು, ನೋವಿಗೆ ಹೆದರಿ ಇನ್ನೂ ಹಿಡಿದುಕೊಳ್ಳುವುದು. ಈ ಸುತ್ತಿನೊಳಗೆ ಸಿಕ್ಕಿದರೆ ಬಿಡಿಸುವುದು ಕಷ್ಟ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹಗಲು ಹೊತ್ತು ಮನೆಯಲ್ಲಿ ದೊಡ್ಡವರು ಒಬ್ಬರೇ ಇರುವುದು ಜಾಸ್ತಿ, ಅಲ್ವಾ? ಒಂದು ಮಗುವನ್ನು ಎತ್ತಿ ಕಮೋಡ್ ಮೇಲೆ ಕೂರಿಸಿದರೆ ಬೀಳದಂತೆ ಹಿಡಿದುಕೊಂಡೇ ನಿಲ್ಲಬೇಕು. ಆಗ ಇನ್ನೊಂದು ಎಲ್ಲಿರುತ್ತದೆ? ನಿಮ್ಮ ಹಿಂದೆ, ಒದ್ದೆ ಟೈಲ್ಸ್ ಮೇಲೆ, ತುಂಬಿಟ್ಟ ಬಕೆಟ್ ಪಕ್ಕದಲ್ಲಿ, ಫಿನಾಯಿಲ್ ಡಬ್ಬಿಗೆ ಕೈ ಹಾಕುತ್ತಾ. ಚಿಕ್ಕ ಮಗು ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದರೆ ಮೇಲೆ ಬರಲು ಆಗುವುದಿಲ್ಲ, ತಳದಲ್ಲಿ ಎರಡು ಇಂಚು ನೀರಿದ್ದರೂ ಪ್ರಾಣಕ್ಕೆ ಅಪಾಯ, ಮತ್ತು ಇಂಥದ್ದು ಸದ್ದಿಲ್ಲದೆ ಆಗಿಬಿಡುತ್ತದೆ. ಹಾಗಾಗಿ ಚೇರ್ ತಗೊಂಡರೂ ಸೀಟು ತಗೊಂಡರೂ ಬಾತ್‌ರೂಮಿನ ಬಕೆಟ್ ಖಾಲಿ ಮಾಡಿ ಬೋರಲು ಹಾಕಿಡಿ, ಆಸಿಡ್ಡು ಫಿನಾಯಿಲ್ ಎಲ್ಲ ಮೇಲಿನ ಶೆಲ್ಫಿಗೆ ಹೋಗಲಿ, ಬಾಗಿಲಿಗೆ ಹೊರಗಿನಿಂದ ಮೇಲೆ ಒಂದು ಚಿಲಕ ಇರಲಿ. ಚೇರ್ ಆದರೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ನೀವು ಎದುರಿಗೆ ನೆಲದ ಮೇಲೆ ಕೂರಬಹುದು. ಇಬ್ಬರೂ ಕಣ್ಣೆದುರೇ ಇರುತ್ತಾರೆ.

ಇನ್ನು ಕಾಲಿನ ವಿಷಯ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಕಕ್ಕ ಮಾಡುವಾಗ ಪಾದ ಗಟ್ಟಿಯಾಗಿ ಊರಿರಬೇಕು, ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲಿರಬೇಕು. ಆಗ ಮಲ ಬರುವ ದಾರಿ ಸಡಿಲಾಗುತ್ತದೆ, ತಿಣುಕಲು ಬಲ ಸಿಗುತ್ತದೆ. ಕುಕ್ಕರಗಾಲಲ್ಲಿ ಕೂತರೆ ಸಲೀಸು ಅಂತ ಹಳಬರು ಹೇಳುವುದು ಇದೇ ಕಾರಣಕ್ಕೆ. ಕಮೋಡ್ ಸಾಮಾನ್ಯವಾಗಿ 15-16 ಇಂಚು ಎತ್ತರ ಇರುತ್ತದೆ. ಎರಡು ವರ್ಷದ ಮಗುವಿನ ಕಾಲು ಮೊಣಕಾಲಿನಿಂದ ಪಾದದವರೆಗೆ 8 ಇಂಚಿನ ಆಸುಪಾಸು. ಅಂದರೆ ಬರೀ ಸೀಟು ಹಾಕಿ ಕೂರಿಸಿದರೆ ಕಾಲು ಗಾಳಿಯಲ್ಲಿ ನೇತಾಡುತ್ತದೆ, ಮಗು ಎರಡೂ ಕೈಯಲ್ಲಿ ಸೀಟು ಹಿಡಿದು ಮೈ ಬಿಗಿ ಮಾಡಿಕೊಂಡು ಕೂತಿರುತ್ತದೆ, ಬರುವುದೂ ಬರುವುದಿಲ್ಲ. ಅದಕ್ಕೇ ಸೀಟು ತರುವ ದಿನವೇ 8-9 ಇಂಚು ಎತ್ತರದ, ಜಾರದ ಸ್ಟೂಲ್ ಕೂಡ ತನ್ನಿ. ಊಟಕ್ಕೆ ಕೂರುವ ಮಣೆ ಇಟ್ಟರೆ ಸಾಲದು, ಅದು ತೀರಾ ಗಿಡ್ಡ. ಪಾಟಿ ಚೇರಿನಲ್ಲಿ ಈ ತಲೆನೋವೇ ಇಲ್ಲ, ಪಾದ ತಾನಾಗೇ ನೆಲಕ್ಕೆ ತಾಗುತ್ತದೆ, ಮಗು ತಾನೇ ಹೋಗಿ ಕೂತು ತಾನೇ ಎದ್ದು ಬರುತ್ತದೆ.

ಚೇರ್ ಕೊಳ್ಳುವಾಗ ಹಾಡು, ಲೈಟು, ಕಾರಿನ ಆಕಾರ ಇದ್ಯಾವುದೂ ಬೇಡ. ಬಟನ್ ಒತ್ತುವ ಆಟದಲ್ಲಿ ಬಂದ ಕೆಲಸ ಮರೆತು ಹೋಗುತ್ತದೆ. ನೋಡಬೇಕಾದ್ದು ಇಷ್ಟು: ತಳ ಅಗಲವಾಗಿ ಇರಬೇಕು, ಕೆಳಗೆ ರಬ್ಬರ್ ಇರಬೇಕು, ಮಗು ಪಕ್ಕಕ್ಕೆ ವಾಲಿದರೂ ಮಗುಚಬಾರದು. ಒಳಗಿನ ಬಟ್ಟಲು ಮೇಲಿನಿಂದ ಎತ್ತಿ ತೆಗೆಯುವಂತಿರಬೇಕು, ಒಂದೇ ಅಚ್ಚಿನ ನುಣುಪಾದ ಬಟ್ಟಲು, ಸಂದಿಗೊಂದಿ ಇಲ್ಲದ್ದು. ಬೆರಳಿನಿಂದ ಅಂಚು ಸವರಿ ನೋಡಿ, ಪ್ಲಾಸ್ಟಿಕ್ ಚೂಪಾಗಿದ್ದರೆ ತೊಡೆ ಕೆರೆಯುತ್ತದೆ. ಗಂಡು ಮಗುವಿದ್ದರೆ ಮುಂದೆ ಉಚ್ಚೆ ಚಿಮ್ಮದಂತೆ ಚಿಕ್ಕ ತಡೆ ಇದ್ದರೆ ಒಳ್ಳೆಯದು, ಆದರೆ ಅದು ಮೃದುವಾಗಿರಬೇಕು, ಕೂರುವಾಗ ಏಳುವಾಗ ತಾಗಿ ನೋವಾದರೆ ಮಗು ಮತ್ತೆ ಹತ್ತಿರ ಸುಳಿಯುವುದಿಲ್ಲ. ಎರಡೂ ಒಂದೇ ಮಾದರಿ, ಒಂದೇ ಬಣ್ಣ ಇರಲಿ. ಒಂದು ಕೆಂಪು ಒಂದು ನೀಲಿ ತಂದರೆ ದಿನಾ ಬೆಳಗ್ಗೆ ಕೆಂಪಿಗೆ ಜಗಳ. ಗುರುತಿಗೆ ಅವರವರ ಚೇರಿಗೆ ಅವರೇ ಒಂದೊಂದು ಸ್ಟಿಕ್ಕರ್ ಅಂಟಿಸಲಿ. ನಮ್ಮ ಮನೆಯಲ್ಲಿ ಮಗಳದ್ದಕ್ಕೆ ಆನೆ, ಮಗನದ್ದಕ್ಕೆ ಬಸ್ಸು. ಆನೆ ಮೇಲೆ ಬೇರೆಯವರು ಕೂರುವ ಹಾಗೇ ಇಲ್ಲ!

ಎರಡು ಚೇರ್ ಅಂದರೆ ತೊಳೆಯುವ ಕೆಲಸ ಎರಡರಷ್ಟು, ಅದು ನಿಜ. ಬಟ್ಟಲಿನಲ್ಲಿ ಇದ್ದದ್ದನ್ನು ಕಮೋಡಿಗೆ ಸುರಿದು ಫ್ಲಷ್ ಮಾಡಿ, ಬಟ್ಟಲನ್ನು ಸೋಪು ನೀರಲ್ಲಿ ಉಜ್ಜಿ ಬಿಸಿಲಿಗೆ ಒಣಗಿಸಿ, ಆಮೇಲೆ ನಿಮ್ಮ ಕೈಯನ್ನೂ ಮಗುವಿನ ಕೈಯನ್ನೂ ಸೋಪಿನಲ್ಲಿ ತೊಳೆಯಿರಿ. ಬಟ್ಟಲಿಗೆ ಮೊದಲೇ ಸ್ವಲ್ಪ ನೀರು ಹಾಕಿಟ್ಟರೆ ಅಂಟುವುದಿಲ್ಲ. ಚಿಕ್ಕ ಮಕ್ಕಳದ್ದು ಗಲೀಜಲ್ಲ ಅಂತ ಗಿಡದ ಬುಡಕ್ಕೋ ಚರಂಡಿಗೋ ಎಸೆಯುವುದು ಇನ್ನೂ ಇದೆ. ದಯವಿಟ್ಟು ಬೇಡ. ಅದರಿಂದಲೂ ದೊಡ್ಡವರದರ ಹಾಗೇ ರೋಗ ಹರಡುತ್ತದೆ. ಅವಳಿಗಳಲ್ಲಿ ಒಬ್ಬರಿಗೆ ಭೇದಿ ಶುರುವಾದರೆ ಇನ್ನೊಬ್ಬರಿಗೆ ದಾಟುವುದು ಬೇಗ, ಅದಕ್ಕೂ ಚೇರ್ ಬೇರೆ ಬೇರೆ ಇರುವುದು ಒಳ್ಳೆಯದು. ಕುಂಡಿ ತೊಳೆಯಲು ಶುರುವಿಗೆ ಜೆಟ್ ಸ್ಪ್ರೇ ಬಳಸಬೇಡಿ, ತಣ್ಣೀರು ರಪ್ಪಂತ ಬಡಿದರೆ ಬೆಚ್ಚಿ ಬೀಳುತ್ತವೆ. ಮಗ್ಗಿನಲ್ಲಿ ಉಗುರುಬೆಚ್ಚಗಿನ ನೀರು ಸಾಕು. ಹೆಣ್ಣು ಮಗುವಿಗೆ ಯಾವಾಗಲೂ ಮುಂದಿನಿಂದ ಹಿಂದಕ್ಕೆ ತೊಳೆಯಿರಿ.

ಇಬ್ಬರಿಗೂ ಒಂದೇ ದಿನ ಶುರು ಮಾಡಬೇಕು ಅಂತ ಇಲ್ಲ. ಅರ್ಧಕ್ಕಿಂತ ಹೆಚ್ಚು ಅವಳಿಗಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ತುಂಬಾ ಬೇಗ ಹುಟ್ಟಿದ್ದರೆ ಪಕ್ಕದ ಮನೆ ಮಗುವಿನ ವಯಸ್ಸಿಗೆ ತಾಳೆ ಹಾಕಬೇಡಿ. ವಯಸ್ಸಿಗಿಂತ ಲಕ್ಷಣ ನೋಡಿ. ಚಡ್ಡಿ ಎರಡು ಗಂಟೆ ಒಣಗಿರುತ್ತದೆಯಾ, ಕಕ್ಕ ಬರುವಾಗ ಮೂಲೆಗೆ ಅಥವಾ ಪರದೆ ಹಿಂದೆ ಹೋಗಿ ನಿಲ್ಲುತ್ತದೆಯಾ, "ಇದು ತಗೊಂಡು ಬಾ" ಅಂದರೆ ತರುತ್ತದೆಯಾ, ಚಡ್ಡಿ ಕೆಳಗೆ ಎಳೆಯಲು ಬರುತ್ತದೆಯಾ. ಬಹಳಷ್ಟು ಮಕ್ಕಳಲ್ಲಿ ಇದು ಒಂದೂವರೆಯಿಂದ ಮೂರು ವರ್ಷದ ನಡುವೆ ಯಾವಾಗಲಾದರೂ ಬರುತ್ತದೆ. ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಂದಿಲ್ಲ ಅಂದರೆ ಬಂದವರಿಗೆ ಶುರು ಮಾಡಿ. ಇನ್ನೊಬ್ಬರ ಚೇರ್ ಪಕ್ಕದಲ್ಲೇ ಇರಲಿ, ಬಟ್ಟೆ ಹಾಕಿಕೊಂಡೇ ಸುಮ್ನೆ ಕೂರಲಿ, ನೋಡಲಿ. "ಅಣ್ಣ ನೋಡು ಎಷ್ಟು ಜಾಣ, ನೀನು ಮಾತ್ರ ಹೀಗೆ" ಅನ್ನುವ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರದಂತೆ ನೋಡಿಕೊಳ್ಳಿ, ಅಜ್ಜಿ ತಾತನಿಗೂ ಹೇಳಿ. ಒಂದು ಸಲಕ್ಕೆ ಐದು ನಿಮಿಷ ಕೂತರೆ ಸಾಕು. ಬರಲಿಲ್ಲ ಅಂದರೆ ಎಬ್ಬಿಸಿ, ಕಟ್ಟಿ ಹಾಕಿದಂತೆ ಕೂರಿಸಬೇಡಿ.

ಚೇರಿನಲ್ಲಿ ಆರಾಮಾಗಿ ರೂಢಿಯಾದ ಮೇಲೆ ಸೀಟಿಗೆ ಬನ್ನಿ. ಪ್ಲೇಹೋಮಿಗೆ ಸೇರಿಸುವವರು ಅದಕ್ಕೆ ಒಂದೆರಡು ತಿಂಗಳು ಮೊದಲೇ ಅಭ್ಯಾಸ ಮಾಡಿಸಿದರೆ ಅನುಕೂಲ. ನಿಮ್ಮ ಕಮೋಡ್ ದುಂಡಗಿದೆಯಾ, ಉದ್ದಕ್ಕಿದೆಯಾ ಅಂತ ಅಳೆದುಕೊಂಡು ಹೋಗಿ. ಸೀಟು ಇಟ್ಟು ಕೈಯಲ್ಲಿ ಒತ್ತಿ ಆಚೀಚೆ ಅಲ್ಲಾಡಿಸಿ ನೋಡಿ, ಕದಲಿದರೆ ವಾಪಸ್ ಕೊಡಿ. ಏಣಿ ಸೇರಿಕೊಂಡೇ ಬರುವ ಸೀಟು ನನಗೆ ಇಷ್ಟವಿಲ್ಲ. ನಮ್ಮ ಅಪಾರ್ಟ್‌ಮೆಂಟುಗಳ ಬಾತ್‌ರೂಮಿನಲ್ಲಿ ಅದಕ್ಕೆ ಜಾಗ ಇರುವುದಿಲ್ಲ, ಒದ್ದೆ ನೆಲದಲ್ಲಿ ಕಾಲು ಜಾರುತ್ತದೆ, ಒಬ್ಬರು ಕೂತಿರುವಾಗ ಇನ್ನೊಬ್ಬರು ಹತ್ತಲು ಬರುತ್ತಾರೆ. ಮಗು ಇಳಿದು ದೂರ ನಿಂತ ಮೇಲೆ ಫ್ಲಷ್ ಮಾಡಿ, ಆ ಸದ್ದಿಗೆ ಹೆದರುವ ಮಕ್ಕಳು ಬಹಳ. ಗಂಡು ಮಗುವಿಗೂ ಮೊದಲು ಕೂತೇ ಉಚ್ಚೆ ಮಾಡುವುದು ಕಲಿಸಿ, ನಿಂತು ಮಾಡುವಾಗ ಮೇಲಿನ ಮುಚ್ಚಳ ದಡಕ್ಕನೆ ಬಿದ್ದು ಪೆಟ್ಟಾಗುವುದಿದೆ.

ಊರಿಗೆ ಹೋಗುವಾಗ ಒಂದು ಚೇರನ್ನಾದರೂ ಡಿಕ್ಕಿಗೆ ಹಾಕಿಕೊಳ್ಳಿ. ಅಜ್ಜಿ ಮನೆಯ ಇಂಡಿಯನ್ ಟಾಯ್ಲೆಟ್ ಕೆಟ್ಟದ್ದೇನಲ್ಲ, ಕುಕ್ಕರಗಾಲು ಮಕ್ಕಳಿಗೆ ಚೆನ್ನಾಗೇ ಬರುತ್ತದೆ. ಆದರೆ ಕಾಲಿಡುವ ಜಾಗ ದೊಡ್ಡವರ ಅಳತೆಗೆ ಮಾಡಿದ್ದು, ಎರಡು ವರ್ಷದ ಮಗುವಿಗೆ ಅಷ್ಟು ಅಗಲಕ್ಕೆ ಕಾಲು ಚಾಚಲು ಆಗುವುದಿಲ್ಲ. ಹಿಂದಿನಿಂದ ಎರಡೂ ಕಂಕುಳಲ್ಲಿ ಕೈ ಹಾಕಿ ಹಿಡಿದುಕೊಳ್ಳಿ, ಒಬ್ಬರಿಗೆ ಒಬ್ಬ ದೊಡ್ಡವರು.

ಮೋಷನ್ ಗಟ್ಟಿ ಇದ್ದಷ್ಟು ದಿನ ಯಾವ ಚೇರೂ ಯಾವ ಸೀಟೂ ಕೆಲಸ ಮಾಡುವುದಿಲ್ಲ. ಲೀಟರುಗಟ್ಟಲೆ ಹಾಲು ಕುಡಿದು ಊಟ ಬಿಡುವ ಮಕ್ಕಳಲ್ಲಿ ಇದು ಜಾಸ್ತಿ. ಹಾಲು ದಿನಕ್ಕೆ ಅರ್ಧ ಲೀಟರಿನೊಳಗೆ ಇರಲಿ, ಪಪ್ಪಾಯಿ, ಸೊಪ್ಪು, ನೀರು ಹೆಚ್ಚಿಸಿ. ರಕ್ತ ಕಂಡರೆ, ಮಗು ಅಳುತ್ತಾ ಹಿಡಿದುಕೊಳ್ಳುತ್ತಿದ್ದರೆ ಕಲಿಸುವುದನ್ನು ನಿಲ್ಲಿಸಿ ಮಕ್ಕಳ ಡಾಕ್ಟರಿಗೆ ತೋರಿಸಿ. ರಾತ್ರಿ ಡೈಪರ್ ಬಿಡಿಸುವುದಕ್ಕೆ ಈಗಲೇ ಒದ್ದಾಡಬೇಡಿ, ಹಗಲು ಕಲಿತ ಎಷ್ಟೋ ತಿಂಗಳ ಮೇಲೆ ಅದು ಬರುತ್ತದೆ. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾದರೆ ಅದು ಕಾಯಿಲೆ ಅಲ್ಲ.