ರೋಹುವಿಗೆ ಹಾರ್ಮೋನು ಚುಚ್ಚಿದ ಎರಡು ಮಳೆಗಾಲ

ಭಾಲ್ಕಿ ತಾಲ್ಲೂಕಿನಲ್ಲಿ ಕಾರಂಜಾ ಹಿನ್ನೀರಿನ ಸಮೀಪವಿರುವ ನಮ್ಮ ಹೊಲದ ಹೊಂಡದಲ್ಲಿ ರೋಹು ಮೀನು ಸಾಕುತ್ತಿದ್ದ ನಾನು, ಪ್ರತಿ ವರ್ಷ ಮರಿಗಳಿಗಾಗಿ ಬೇರೆಯವರ ದಾರಿ ಕಾಯುವುದು ಸಾಕಾಗಿ, ಅವುಗಳನ್ನು ಇಲ್ಲಿಯೇ ಹುಟ್ಟಿಸಲು ನಿರ್ಧರಿಸಿದೆ. ರೋಹು ಹೊಂಡದಲ್ಲಿ ತತ್ತಿ ಕಟ್ಟುತ್ತದೆಯಾದರೂ ಹೊಳೆಗೆ ಹೊಸ ನೀರು ಬಂದಾಗಿನ ಸೆಳವು ಸಿಗದೆ ಅದನ್ನು ಬಿಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಮೀನು ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ, ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಈ ತೊಡಕನ್ನು ಬಿಡಿಸಿದರು. ಸತ್ತ ಮೀನಿನ ತಲೆಯಿಂದ ಗ್ರಂಥಿ ತೆಗೆದು ಅರೆಯುವ ಕಷ್ಟ ನನಗಿರಲಿಲ್ಲ. ನಾನು ತಂದದ್ದು ಸಿದ್ಧ ಔಷಧ ಓವಾಪ್ರಿಮ್. ಅದರಲ್ಲಿರುವ ಕೃತಕ ಹಾರ್ಮೋನು ಮೀನಿನ ಸ್ವಂತ ಗ್ರಂಥಿಯನ್ನೇ ಪ್ರಚೋದಿಸುತ್ತದೆ, ಜೊತೆಗಿರುವ ಡೊಂಪೆರಿಡೋನ್ ಎಂಬ ಔಷಧ ಆ ಗ್ರಂಥಿಯ ಮೇಲಿನ ತಡೆಯನ್ನು ತೆಗೆಯುತ್ತದೆ.

ಮೊದಲ ವರ್ಷ ಮೃಗಶಿರಾ ಮಳೆ ಹುಸಿಹೋಗಿದ್ದರೂ ಅವಸರಪಟ್ಟೆ. ನೀರು 33 ಡಿಗ್ರಿ ಇತ್ತು. ಹೊಟ್ಟೆ ಉಬ್ಬಿದ್ದನ್ನಷ್ಟೇ ನೋಡಿ ಆರಿಸಿದ ಎರಡು ಹೆಣ್ಣುಗಳಲ್ಲಿ ಒಂದು ತತ್ತಿ ಬಿಡಲಿಲ್ಲ, ಇನ್ನೊಂದರ ತತ್ತಿ ಬೆಳಗಾಗುವುದರೊಳಗೆ ಹಾಲಿನಂತೆ ಬೆಳ್ಳಗಾಯಿತು. ನಾನು ಔಷಧವನ್ನು ಬೈದೆ. ಬಲೆ ಎಳೆಯಲು ಬಂದಿದ್ದ ಹಿರಿಯರು ಮಾತ್ರ, "ಮೇವು ತಿಂದು ಉಬ್ಬಿದ ಹೊಟ್ಟಿ ಬ್ಯಾರೆ, ತತ್ತಿ ತುಂಬಿದ ಹೊಟ್ಟಿ ಬ್ಯಾರೆ ನೋಡ್ರಿ" ಎಂದರು.

ಮರುವರ್ಷ ಆರಿಸುವ ಹಿಂದಿನ ದಿನ ಮೇವು ನಿಲ್ಲಿಸಿ, ಹೊಟ್ಟೆ ಮೆತ್ತಗಿದ್ದು ಗುದದ್ವಾರ ಕೆಂಪೇರಿದ ಹೆಣ್ಣನ್ನೂ, ಎದೆಯ ರೆಕ್ಕೆ ಒರಟಾಗಿದ್ದು ಹೊಟ್ಟೆ ಒತ್ತಿದರೆ ಹಾಲಿನಂಥ ವೀರ್ಯ ಬರುವ ಎರಡು ಗಂಡುಗಳನ್ನೂ ತೆಗೆದುಕೊಂಡೆ. ಪುನರ್ವಸು ಮಳೆ ಹಿಡಿದು ನೀರು 28 ಡಿಗ್ರಿಗೆ ಇಳಿದ ದಿನ, ಸಂಜೆ ಆರಕ್ಕೆ, ಎರಡು ಕಿಲೋ ತೂಕದ ಹೆಣ್ಣಿಗೆ ಕಿಲೋಗೆ 0.4 ಮಿಲಿಯಂತೆ 0.8 ಮಿಲಿ, ಗಂಡುಗಳಿಗೆ ಕಿಲೋಗೆ 0.2 ಮಿಲಿ ಚುಚ್ಚಿದೆ. ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿದು, ಬೆನ್ನಿನ ರೆಕ್ಕೆಗೂ ಪಕ್ಕದ ಗೆರೆಗೂ ನಡುವಿನ ಮಾಂಸದಲ್ಲಿ, ಹುರುಪೆಯ ಕೆಳಗೆ ಸೂಜಿಯನ್ನು ಓರೆಯಾಗಿ ಇಳಿಸಬೇಕು. ಸೂಜಿ ಹಿಂದಕ್ಕೆ ತೆಗೆಯುವಾಗ ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತದಿದ್ದರೆ ಔಷಧ ಹೊರಗೆ ಬರುತ್ತದೆ.

ಬೆಳಗಿನ ಜಾವ ನಾಲ್ಕರ ಸುಮಾರಿಗೆ ಮೀನುಗಳನ್ನು ಬಿಟ್ಟಿದ್ದ ಹಾಪಾದಲ್ಲಿ, ಅಂದರೆ ನೀರಿನಲ್ಲಿ ಕಟ್ಟಿದ ಬಟ್ಟೆಯ ತೊಟ್ಟಿಯಲ್ಲಿ, ನೀರು ಬಡಿದ ಸದ್ದು ಕೇಳಿತು. ಬ್ಯಾಟರಿ ಬೆಳಕಿನಲ್ಲಿ ನೋಡಿದರೆ ತತ್ತಿಗಳು ನೆನೆಸಿದ ಸಾಬೂದಾನಿಯಂತೆ ಉಬ್ಬಿ ತಿಳಿಯಾಗಿದ್ದವು. ಅವುಗಳನ್ನು ಸೊಳ್ಳೆ ಪರದೆಯ ಒಳ ಹಾಪಾಕ್ಕೆ ಹಾಕಿದೆ. ಸುಮಾರು ಹದಿನಾರು ತಾಸಿಗೆ ತತ್ತಿ ಒಡೆದು ಮರಿಗಳು ಪರದೆಯ ಕಣ್ಣುಗಳಿಂದ ಜಾರಿ ಹೊರ ಹಾಪಾಕ್ಕೆ ಇಳಿದವು, ಸಿಪ್ಪೆ ಒಳಗೇ ಉಳಿಯಿತು. ಮಳೆಗೆ ಕರಿಮಣ್ಣಿನ ರಾಡಿ ಬಂದು ಬಟ್ಟೆಗೆ ಅಂಟುತ್ತಿದ್ದುದರಿಂದ, ಮರಿಗಳು ಹೊಟ್ಟೆಯಡಿಯ ಹಳದಿ ಚೀಲವನ್ನು ಮುಗಿಸುವ ಮೂರು ದಿನವೂ ತಾಸಿಗೊಮ್ಮೆ ಹೊರಗಿನಿಂದ ನೀರು ಎರಚಿ ತೊಳೆದೆ. ನಾಲ್ಕನೆಯ ದಿನ ಬೆಳಿಗ್ಗೆ, ಬಿಸಿಲೇರುವ ಮೊದಲು, ಅವುಗಳನ್ನು ಮರಿಹೊಂಡಕ್ಕೆ ಬಿಟ್ಟೆ.