ಬ್ಯಾಕ್ಟೀರಿಯಲ್ ವೆಜೈನೋಸಿಸ್‌ಗೆ ನಾನು ಜೆಲ್ ಬಳಸಿದ ಬಗೆ

ಬೂದು ಬೆರೆತ ಬಿಳಿ ಬಣ್ಣದ ತೆಳುವಾದ ಸ್ರಾವ, ಜೊತೆಗೆ ಮೀನಿನ ವಾಸನೆಯನ್ನು ಹೋಲುವ ಒಂದು ನಾತ: ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪುವ ಬ್ಯಾಕ್ಟೀರಿಯಲ್ ವೆಜೈನೋಸಿಸ್‌ನಲ್ಲಿ ನನಗೆ ಕಾಣಿಸಿಕೊಂಡ ಲಕ್ಷಣಗಳು ಇಷ್ಟೇ. ತುರಿಕೆ ಇದ್ದೂ ಇಲ್ಲದಂತಿತ್ತು, ನೋವಂತೂ ಇರಲೇ ಇಲ್ಲ. ಮುಟ್ಟಿನ ದಿನಗಳಲ್ಲಿ ಮತ್ತು ಸಂಭೋಗದ ನಂತರ ವಾಸನೆ ಜೋರಾಗುತ್ತಿತ್ತು. ರಕ್ತ ಮತ್ತು ವೀರ್ಯ ಎರಡೂ ಕ್ಷಾರೀಯವಾದ್ದರಿಂದ, ಅವು ಸೇರಿದಾಗ ಸ್ರಾವದಲ್ಲಿರುವ ಅಮೈನ್ ಎಂಬ ನಾತದ ರಾಸಾಯನಿಕಗಳು ಆವಿಯಾಗಿ ಹೊರಬರುತ್ತವೆ ಎಂಬುದು ಆಮೇಲೆ ತಿಳಿಯಿತು.

ಬಿಳಿ ಹೋಗುವುದಕ್ಕೆಲ್ಲ ಒಂದೇ ಔಷಧಿ ಇದೆ ಎಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ಆದರೆ ಈ ತೊಂದರೆಗೆ ಕೊಡುವ ಔಷಧಿಯಾದ ಮೆಟ್ರೋನಿಡಜೋಲ್ ಶಿಲೀಂಧ್ರದ ಸೋಂಕಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ, ಟ್ರೈಕೊಮೋನಸ್ ಎಂಬ ಪರಜೀವಿಯ ಸೋಂಕಿಗೆ ಅದೇ ಔಷಧಿ ಕೆಲಸ ಮಾಡಿದರೂ ಮಾತ್ರೆಯ ರೂಪದಲ್ಲೇ ಬೇಕು, ಜೆಲ್ ಸಾಲದು. ಆದ್ದರಿಂದ ಪರೀಕ್ಷೆ ಮಾಡಿಸದೆ ಟ್ಯೂಬ್ ಕೊಳ್ಳಬಾರದೆಂದು ನಿರ್ಧರಿಸಿ ಸ್ತ್ರೀರೋಗ ತಜ್ಞೆಯನ್ನು ಕಂಡೆ. 1983ರಿಂದ ಆಮ್ಸೆಲ್ ಮಾನದಂಡಗಳೆಂದು ಬಳಕೆಯಲ್ಲಿರುವ ನಾಲ್ಕು ಅಂಶಗಳನ್ನು ಅವರು ನೋಡಿದರು: ಒಂದೇ ಹದದ ತೆಳು ಸ್ರಾವ, 4.5ಕ್ಕಿಂತ ಹೆಚ್ಚಿನ ಪಿಎಚ್ (ಆಮ್ಲೀಯತೆಯ ಅಳತೆ; ಅದು ಹೆಚ್ಚಿದಷ್ಟೂ ಆಮ್ಲ ಕಡಿಮೆ), ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಹಾಕಿದಾಗ ಏಳುವ ನಾತ, ಮತ್ತು ಸೂಕ್ಷ್ಮದರ್ಶಕದಲ್ಲಿ ಕಾಣುವ ಕ್ಲೂ ಕೋಶಗಳು, ಅಂದರೆ ಬ್ಯಾಕ್ಟೀರಿಯಾ ಮುತ್ತಿದ ಒಳಪದರದ ಕೋಶಗಳು. ಇವುಗಳಲ್ಲಿ ಮೂರಾದರೂ ಇದ್ದರೆ ರೋಗ ಖಚಿತ. ಗಾಜಿನ ಪಟ್ಟಿಯನ್ನು ನನಗೂ ತೋರಿಸಿದರು. ಯೋನಿಯ ಒಳಪದರದ ಕೋಶಗಳಿಗೆ ಬ್ಯಾಕ್ಟೀರಿಯಾಗಳು ಎಷ್ಟು ಒತ್ತಾಗಿ ಅಂಟಿಕೊಂಡಿದ್ದವೆಂದರೆ ಕೋಶದ ಅಂಚೇ ಮಸುಕಾಗಿತ್ತು.

ಆರೋಗ್ಯವಾಗಿರುವ ಯೋನಿಯಲ್ಲಿ ಸಾಮಾನ್ಯವಾಗಿ ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳದೇ ಮೇಲುಗೈ, ಅವು ತಯಾರಿಸುವ ಲ್ಯಾಕ್ಟಿಕ್ ಆಮ್ಲ ಉಳಿದವುಗಳನ್ನು ಹದ್ದಿನಲ್ಲಿಡುತ್ತದೆ. ಅವುಗಳ ಸಂಖ್ಯೆ ಕುಸಿದು ಗಾರ್ಡ್ನೆರೆಲ್ಲಾ ಮುಂತಾದ ಬೇರೆ ಬ್ಯಾಕ್ಟೀರಿಯಾಗಳು ಹೆಚ್ಚಿದಾಗ ಈ ತೊಂದರೆ ಹುಟ್ಟುತ್ತದೆ. ಇದನ್ನು ಕೊಳಕುತನದ ಫಲವೆಂದು ಭಾವಿಸಿ ಒಳಗೆಲ್ಲ ತೊಳೆಯಲು ಹೊರಟರೆ, ಇರುವ ಲ್ಯಾಕ್ಟೋಬ್ಯಾಸಿಲಸ್ ಕೂಡ ಕೊಚ್ಚಿಹೋಗುತ್ತದೆ.

ಮಾತ್ರೆಯೋ ಜೆಲ್ಲೋ ಎಂಬ ಆಯ್ಕೆಯನ್ನು ವೈದ್ಯೆ ನನಗೇ ಬಿಟ್ಟರು, ಏಕೆಂದರೆ ಗುಣಪಡಿಸುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಮಾತ್ರೆಯಾದರೆ ದಿನಕ್ಕೆರಡು ಬಾರಿ 500 ಮಿಲಿಗ್ರಾಂನಂತೆ 7 ದಿನ. ಅದು ಅನೇಕರಿಗೆ ಬಾಯಲ್ಲಿ ಲೋಹದ ರುಚಿಯನ್ನೂ ಹೊಟ್ಟೆ ತೊಳಸುವಿಕೆಯನ್ನೂ ತರುತ್ತದೆ. 0.75 ಶೇಕಡಾ ಮೆಟ್ರೋನಿಡಜೋಲ್ ಜೆಲ್ ಆದರೆ ರಾತ್ರಿ ಒಂದು ಬಾರಿ 5 ಗ್ರಾಂ, 5 ರಾತ್ರಿ. ಆ 5 ಗ್ರಾಂ ಜೆಲ್‌ನಲ್ಲಿರುವ ಔಷಧಿ 37.5 ಮಿಲಿಗ್ರಾಂ ಮಾತ್ರ, ರಕ್ತಕ್ಕೆ ಸೇರುವುದು ಅದಕ್ಕಿಂತಲೂ ಕಡಿಮೆ. ಹೊಟ್ಟೆಯ ವಿಷಯದಲ್ಲಿ ನಾನು ಮೊದಲಿನಿಂದಲೂ ಸೂಕ್ಷ್ಮ, ಹಾಗಾಗಿ ಜೆಲ್ಲನ್ನೇ ಆರಿಸಿಕೊಂಡೆ. ರಕ್ತಕ್ಕೆ ಅಲ್ಪವೇ ಸೇರಿದರೂ ಸೇರುತ್ತದೆಯಾದ್ದರಿಂದ ನಾನು ಗರ್ಭಿಣಿಯೇ, ಹಾಲೂಡಿಸುತ್ತಿರುವೆನೇ, ಈ ಔಷಧಿಗೆ ಅಲರ್ಜಿ ಇದೆಯೇ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಅಥವಾ ಮದ್ಯಪಾನ ಬಿಡಿಸಲು ಕೊಡುವ ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿರುವೆನೇ ಎಂದು ಅವರು ಕೇಳಿದರು. ಔಷಧಿ ಅಂಗಡಿಯಲ್ಲಿ ಇನ್ನೊಂದು ಎಚ್ಚರ ಬೇಕಾಯಿತು: ಮುಖದ ಚರ್ಮಕ್ಕೆ ಹಚ್ಚುವ ಮೆಟ್ರೋನಿಡಜೋಲ್ ಜೆಲ್ಲೂ ಇದೇ ಪ್ರಮಾಣದಲ್ಲಿ ಸಿಗುತ್ತದೆ. ಅದು ಒಳಗೆ ಹಾಕುವಂಥದ್ದಲ್ಲ, ಆದ್ದರಿಂದ ಪೆಟ್ಟಿಗೆಯ ಮೇಲೆ ಯೋನಿಯೊಳಗಿನ ಬಳಕೆಗೆ ಎಂದು ಬರೆದಿರುವುದನ್ನು ಓದಿಯೇ ಹಣ ಕೊಟ್ಟೆ.

ಹಾಕಿಕೊಳ್ಳುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಪೆಟ್ಟಿಗೆಯೊಳಗಿನ ಚೀಟಿಯ ಚಿತ್ರಗಳಿಂದ ನನಗೆ ಎಲ್ಲವೂ ಸ್ಪಷ್ಟವಾಗಲಿಲ್ಲ. ಮಲಗುವ ಮುನ್ನ ಮೂತ್ರ ವಿಸರ್ಜಿಸಿ, ಸೋಪಿನಿಂದ ಕೈ ತೊಳೆದು ಒರೆಸಿಕೊಳ್ಳುತ್ತಿದ್ದೆ. ಟ್ಯೂಬಿನ ಬಾಯಿಯ ಮುದ್ರೆಯನ್ನು ಮುಚ್ಚಳದ ಹಿಂಬದಿಯ ಮೊನೆಯಿಂದ ಚುಚ್ಚಿ, ಜೆಲ್ ಒಳಗೆ ಹಾಕುವ ಕೊಳವೆಯಾದ ಅಪ್ಲಿಕೇಟರನ್ನು ತಿರುಗಿಸಿ ಕೂರಿಸಿ, ಟ್ಯೂಬನ್ನು ಬುಡದಿಂದ ನಿಧಾನವಾಗಿ ಅದುಮಿದರೆ ಒಳಗಿನ ದಂಟು ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ಅದು ನಿಂತಿತೆಂದರೆ ಅಳತೆ ತುಂಬಿತೆಂದು ಅರ್ಥ. ಅವಸರದಿಂದ ಅದುಮಿದರೆ ನಡುವೆ ಗಾಳಿ ಸೇರಿ ಅಳತೆ ತಪ್ಪುತ್ತದೆ. ನಂತರ ಅಪ್ಲಿಕೇಟರನ್ನು ಬಿಡಿಸಿ, ಅಂಗಾತ ಮಲಗಿ ಮಂಡಿ ಮಡಿಸಿ, ಸೊಂಟವನ್ನು ಸಡಿಲಬಿಟ್ಟು, ಅದನ್ನು ಬೆನ್ನಿನ ಕಡೆಗೆ ತುಸು ಓರೆಯಾಗಿ, ನೋವಾಗದೆ ಹೋಗುವಷ್ಟು ಒಳಕ್ಕೆ ಸೇರಿಸುತ್ತಿದ್ದೆ. ನೇರವಾಗಿ ಮೇಲಕ್ಕೆ ತಳ್ಳಿದರೆ ತಡೆಯುತ್ತದೆ. ದಂಟನ್ನು ಪೂರ್ತಿ ಒತ್ತಿದ ಮೇಲೆ ಅದನ್ನು ಹಾಗೆಯೇ ಒತ್ತಿ ಹಿಡಿದು ಹೊರತೆಗೆಯಬೇಕು, ಇಲ್ಲದಿದ್ದರೆ ಒಂದಿಷ್ಟು ಜೆಲ್ ಹಿಂದಕ್ಕೆ ಎಳೆದುಕೊಂಡು ಬರುತ್ತದೆ. ಜೆಲ್ ಒಳಗೆಲ್ಲೋ ಕಳೆದುಹೋಗುವ ಭಯ ಬೇಡ. ಯೋನಿಯ ಕೊನೆಯಲ್ಲಿ ಗರ್ಭಕಂಠ ಇರುವುದರಿಂದ ಅದು ಒಂದು ಬದಿ ಮುಚ್ಚಿದ ಜಾಗ. ನನ್ನ ಪೆಟ್ಟಿಗೆಯಲ್ಲಿದ್ದ ಅಪ್ಲಿಕೇಟರ್‌ಗಳು ಒಮ್ಮೆ ಬಳಸಿ ಎಸೆಯುವಂಥವು. ಮತ್ತೆ ಬಳಸುವಂಥದ್ದಾದರೆ ಅದನ್ನು ಸೋಪು ಮತ್ತು ಬೆಚ್ಚನೆಯ ನೀರಿನಿಂದ ತೊಳೆದು ಒಣಗಿಸಬೇಕು.

ಬೆಳಿಗ್ಗೆ ಎದ್ದಾಗ ಜೆಲ್ ಒಂದಷ್ಟು ಹೊರಗೆ ಬರುತ್ತಿತ್ತು. ಔಷಧಿಯೆಲ್ಲ ಸೋರಿಹೋಯಿತೆಂದು ಮತ್ತೊಮ್ಮೆ ಹಾಕಿಕೊಳ್ಳುವ ಅಗತ್ಯವಿಲ್ಲ. ಒಳ ಉಡುಪಿಗೆ ತೆಳು ಪ್ಯಾಡ್ ಇಟ್ಟುಕೊಂಡೆ. ಟ್ಯಾಂಪನ್ ಅಥವಾ ಮುಟ್ಟಿನ ಕಪ್ ಆ ದಿನಗಳಲ್ಲಿ ಬಳಸಲಿಲ್ಲ, ಟ್ಯಾಂಪನ್ ಜೆಲ್ಲನ್ನು ಹೀರಿಕೊಳ್ಳುತ್ತದೆ. ಕೈಗೆ ಅಂಟಿದ ಜೆಲ್ ಕಣ್ಣಿಗೆ ತಾಗಿದರೆ ಉರಿಯುತ್ತದೆ, ಆದ್ದರಿಂದ ಕೊನೆಗೂ ಕೈ ತೊಳೆಯುತ್ತಿದ್ದೆ. ಮುಟ್ಟು ಹತ್ತಿರವಿದ್ದರೆ ಅದು ಮುಗಿದ ನಂತರ ಶುರುಮಾಡುವುದು ಅನುಕೂಲವೆಂದು ವೈದ್ಯೆ ಹೇಳಿದ್ದರು, ನಾನು ಹಾಗೆಯೇ ಮಾಡಿದೆ. ವಾಸನೆ ಮೊದಲ ಕೆಲವು ರಾತ್ರಿಗಳಲ್ಲೇ ಮಾಯವಾಯಿತು. ಆದರೂ ಕ್ರಮವನ್ನು ಪೂರ್ಣಗೊಳಿಸಿದೆ, ಏಕೆಂದರೆ ಲಕ್ಷಣ ಅಡಗಿದ ಮಾತ್ರಕ್ಕೆ ಬ್ಯಾಕ್ಟೀರಿಯಾಗಳು ಹೋದವೆಂದಲ್ಲ. ಒಂದು ರಾತ್ರಿ ಮರೆತರೆ ನೆನಪಾದಾಗ ಹಾಕಿಕೊಳ್ಳಬಹುದು. ಮುಂದಿನದರ ಸಮಯ ಹತ್ತಿರವಾಗಿದ್ದರೆ ಬಿಟ್ಟುಬಿಡಬೇಕು, ಎರಡರಷ್ಟು ಹಾಕಬಾರದು.

ಔಷಧಿ ಮುಗಿಯುವವರೆಗೆ ಸಂಭೋಗ ಬೇಡವೆಂದು ನಾವಿಬ್ಬರೂ ಒಪ್ಪಿಕೊಂಡೆವು. ಈ ಜೆಲ್ಲಿಗೆ ಬದಲಾಗಿ ಸಿಗುವ 2 ಶೇಕಡಾ ಕ್ಲಿಂಡಾಮೈಸಿನ್ ಕ್ರೀಮ್ ಎಣ್ಣೆಯ ಅಂಶ ಉಳ್ಳದ್ದು, ಅದು ಲ್ಯಾಟೆಕ್ಸ್ ಕಾಂಡೋಮನ್ನು ದುರ್ಬಲಗೊಳಿಸುತ್ತದೆ. ಅದನ್ನು ಬಳಸುವವರು ಔಷಧಿ ಮುಗಿದ 5 ದಿನಗಳವರೆಗೂ ಅಂಥ ಕಾಂಡೋಮನ್ನು ನಂಬಬಾರದು. ಮದ್ಯದ ಬಗ್ಗೆ ಎರಡು ಮಾತುಗಳಿವೆ: ಮೆಟ್ರೋನಿಡಜೋಲ್‌ನ ಜೊತೆಗೆ ಅದನ್ನು ಬಿಡಬೇಕಾದ ಅಗತ್ಯವಿಲ್ಲವೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2021ರ ಮಾರ್ಗಸೂಚಿಯಲ್ಲಿ ಹೇಳಿದೆ, ಔಷಧಿಯ ಪೆಟ್ಟಿಗೆಯೊಳಗಿನ ಚೀಟಿ ಮಾತ್ರ ಮದ್ಯ ಬೇಡವೆನ್ನುತ್ತದೆ. ಇಷ್ಟು ಚಿಕ್ಕ ಅವಧಿಗೆ ಚೀಟಿಯ ಮಾತನ್ನು ಕೇಳುವುದೇ ಸುಲಭವೆಂದು ನನಗನ್ನಿಸುತ್ತದೆ.

ಜೆಲ್ ಮುಗಿದ ಮೇಲೆ ಕೆಲವರಿಗೆ ಶಿಲೀಂಧ್ರ ತಲೆಯೆತ್ತುತ್ತದೆ. ಹಾಗಾದಾಗ ತುರಿಕೆ ಜೋರಾಗಿ, ಸ್ರಾವ ಗಟ್ಟಿಯಾಗುತ್ತದೆ; ಅದು ಹಳೆಯ ರೋಗ ಮರುಕಳಿಸಿದ್ದಲ್ಲವಾದ್ದರಿಂದ ಅದಕ್ಕೆ ಮತ್ತೆ ಇದೇ ಜೆಲ್ ಹಾಕಬಾರದು. ನನಗೆ ಅದು ಆಗಲಿಲ್ಲ. ಲಕ್ಷಣಗಳು ಪೂರ್ತಿ ಹೋಗಿದ್ದರೆ ಮರುಪರೀಕ್ಷೆಯೂ ಬೇಕಾಗಿಲ್ಲವೆಂದು ವೈದ್ಯೆ ತಿಳಿಸಿದರು.

ಆದರೆ ಈ ತೊಂದರೆ ಮರಳಿ ಬರುವುದರಲ್ಲಿ ಕುಖ್ಯಾತ. ಚಿಕಿತ್ಸೆಯ ನಂತರ ಒಂದು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಮರುಕಳಿಸುತ್ತದೆ. ಯೋನಿಯ ಗೋಡೆಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳ ಪದರದೊಳಕ್ಕೆ ಔಷಧಿ ಸರಿಯಾಗಿ ಇಳಿಯದಿರುವುದು ಒಂದು ಕಾರಣ. ಪದೇಪದೇ ಬಂದವರಿಗೆ ವಾರಕ್ಕೆರಡು ಬಾರಿಯಂತೆ ಹಲವು ತಿಂಗಳು ಜೆಲ್ ಹಾಕಿಸುವ ಕ್ರಮವೂ ಇದೆ, ಅದು ವೈದ್ಯರ ನಿಗಾದಲ್ಲೇ ನಡೆಯಬೇಕು. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ, ಪುರುಷ ಸಂಗಾತಿಗೂ 7 ದಿನ ಮಾತ್ರೆ ಮತ್ತು ಜನನಾಂಗಕ್ಕೆ ಹಚ್ಚುವ ಕ್ಲಿಂಡಾಮೈಸಿನ್ ಕ್ರೀಮ್ ಕೊಟ್ಟಾಗ 12 ವಾರಗಳೊಳಗಿನ ಮರುಕಳಿಕೆ 63 ಶೇಕಡಾದಿಂದ 35 ಶೇಕಡಾಕ್ಕೆ ಇಳಿಯಿತು. ಮತ್ತೆ ಬಂದರೆ ನನ್ನವರನ್ನೂ ಕರೆದುಕೊಂಡು ಬರುವಂತೆ ವೈದ್ಯೆ ಹೇಳಿದ್ದಾರೆ, ಅದಕ್ಕೆ ಅವರೂ ಒಪ್ಪಿದ್ದಾರೆ. ಟ್ಯೂಬಿನಲ್ಲಿ ಉಳಿದಿದ್ದ ಜೆಲ್ಲನ್ನು ಮುಂದಿನ ಬಾರಿಗೆಂದು ಇಟ್ಟುಕೊಳ್ಳಲಿಲ್ಲ. ಜ್ವರ, ಕಿಬ್ಬೊಟ್ಟೆಯ ನೋವು ಅಥವಾ ಮುಟ್ಟಲ್ಲದ ಹೊತ್ತಿನ ರಕ್ತಸ್ರಾವ ಕಾಣಿಸಿಕೊಂಡರೆ ಜೆಲ್ಲಿನ ಯೋಚನೆಯನ್ನೇ ಬಿಟ್ಟು ಅದೇ ದಿನ ವೈದ್ಯರನ್ನು ನೋಡಬೇಕು. ಗರ್ಭಿಣಿಯರು ಸಣ್ಣ ಲಕ್ಷಣಕ್ಕೂ ತಡಮಾಡಬಾರದು, ಏಕೆಂದರೆ ಅವಧಿಪೂರ್ವ ಹೆರಿಗೆಗೂ ಈ ತೊಂದರೆಗೂ ನಂಟಿದೆ.